ಗಿಟಾರ್ ಮಾರಿ ಬೇರೆ ಸಾಮಾನು ಕೊಳ್ಳಬೇಕೇ? ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

"ಗಿಟಾರ್ ಮಾರಿಬಿಟ್ಟು ಒಂದು ಆಡಿಯೋ ಇಂಟರ್‌ಫೇಸ್ ತಗೊಳ್ಳಲಾ?" ಡೊಂಬಿವಲಿ, ಮೀರಾ ರೋಡ್, ನವಿ ಮುಂಬೈ, ಎಲ್ಲಿಂದ ಬಂದರೂ ಪ್ರಶ್ನೆ ಹೆಚ್ಚುಕಡಿಮೆ ಇದೇ. ಆಡಿಯೋ ಇಂಟರ್‌ಫೇಸ್ ಎಂದರೆ ಮೈಕನ್ನೂ ಗಿಟಾರನ್ನೂ ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ. ಕೊಳ್ಳುವ ವಸ್ತು ಮಾತ್ರ ಬೇರೆ ಬೇರೆ. ಒಬ್ಬರಿಗೆ ಮೈಕ್ ಬೇಕು, ಇನ್ನೊಬ್ಬರಿಗೆ ಕೀಬೋರ್ಡ್, ಮತ್ತೊಬ್ಬರಿಗೆ ಸಂಘದ ರಾಜ್ಯೋತ್ಸವಕ್ಕೆ ಒಯ್ಯುವಂಥ ಸ್ಪೀಕರ್. ಮನೆಯಲ್ಲಿ ಜಾಗ ಇಲ್ಲ, ತಿಂಗಳ ಕೊನೆಗೆ ದುಡ್ಡೂ ಉಳಿಯುವುದಿಲ್ಲ. ಆಗ ಮೂಲೆಯಲ್ಲಿ ನಿಂತಿರುವ ಗಿಟಾರಿನ ಮೇಲೆ ಕಣ್ಣು ಬೀಳುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಿರಾಕಿ ಕೊಡುವ ದುಡ್ಡನ್ನು ಗಿಟಾರಿನ ಬೆಲೆ ಎಂದುಕೊಳ್ಳಬೇಡಿ. ಅಂಥದ್ದೇ ಗಿಟಾರನ್ನು ಮುಂದಿನ ವರ್ಷ ಮತ್ತೆ ಕೊಳ್ಳಬೇಕಾದರೆ ಎಷ್ಟಾಗುತ್ತದೆ ಎಂಬುದೇ ಅದರ ನಿಜವಾದ ಬೆಲೆ. ಈ ಎರಡು ಮೊತ್ತಗಳ ಅಂತರ ನಿಮಗೆ ತಡೆದುಕೊಳ್ಳುವಷ್ಟಿದ್ದರೆ ಧಾರಾಳವಾಗಿ ಮಾರಿ. ಇಲ್ಲದಿದ್ದರೆ ಬೇರೆ ದಾರಿ ನೋಡಿ. ಬೇರೆ ದಾರಿಗಳು ಅನೇಕ ಇವೆ, ಅವೂ ಕೆಳಗೆ ಬರುತ್ತವೆ.

ಶುರು ಮಾಡುವ ಮುನ್ನ ಇಷ್ಟು ಹತ್ತಿರ ಇಟ್ಟುಕೊಳ್ಳಿ: ಕಾಗದ, ಪೆನ್ನು, ಗಿಟಾರ್ ಕೊಂಡಾಗಿನ ಬಿಲ್, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್, ಫೋನಿನಲ್ಲಿ ಒಂದು ಟ್ಯೂನರ್ ಆಪ್. ಬಿಲ್ ಸಿಗದಿದ್ದರೆ ಕೊಂಡ ವರ್ಷವನ್ನಾದರೂ ನೆನಪು ಮಾಡಿಕೊಳ್ಳಿ. ಇದರ ಜೊತೆಗೆ ಒಂದು ತಿಂಗಳ ಸಮಯ ಬೇಕು. ನಾಳೆಯೇ ಮಾರಬೇಕು ಎಂಬ ಅವಸರ ಇರುವವರಿಗೆ ಬೆಲೆ ಯಾವಾಗಲೂ ಕಡಿಮೆಯೇ ಸಿಗುವುದು.

1. ನಿಂತಿರುವ ಕೆಲಸ ಯಾವುದು ಎಂದು ಬರೆಯಿರಿ

ಸಾಮಾನಿನ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. "ಒಳ್ಳೆ ಮೈಕ್ ಬೇಕು" ಎಂದರೆ ಏನೂ ತಿಳಿಯುವುದಿಲ್ಲ. "ಗಿಟಾರ್ ನುಡಿಸುತ್ತಾ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ, ಫೋನಿನಲ್ಲಿ ಫ್ಯಾನ್ ಸದ್ದೇ ಮುಂದೆ ಕೇಳುತ್ತದೆ" ಎಂದು ಬರೆದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಆ ಆಸೆ ಯಾವುದೋ ವಿಡಿಯೋ ನೋಡಿ ಹುಟ್ಟಿದ್ದು. ಅದು ಎರಡು ವಾರದಲ್ಲಿ ತಾನಾಗಿಯೇ ತಣ್ಣಗಾಗುತ್ತದೆ.

ಬರೆದ ಮೇಲೆ, ದುಡ್ಡಿಲ್ಲದೆ ಅಥವಾ ಸ್ವಲ್ಪವೇ ದುಡ್ಡಿನಲ್ಲಿ ಅದು ಸರಿಹೋಗುತ್ತದೆಯೇ ನೋಡಿ. ಪದೇ ಪದೇ ಕೇಳಿಬರುವ ದೂರುಗಳಲ್ಲಿ ಕೆಲವಕ್ಕೆ ಹೊಸ ಸಾಮಾನೇ ಬೇಡ.

ಮೊದಲನೆಯದು, ಹಾಡುವಾಗ ಹೆಡ್‌ಫೋನಿನಲ್ಲಿ ಧ್ವನಿ ತಡವಾಗಿ ಕೇಳುವುದು. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ನಿಮ್ಮ ಸದ್ದು ಕಂಪ್ಯೂಟರಿನ ಒಳಗೆ ಹೋಗಿ ಮತ್ತೆ ಕಿವಿಗೆ ಬರುವಷ್ಟರಲ್ಲಿ ಆಗುವ ವಿಳಂಬ ಅದು. ಹಳೆಯ ಇಂಟರ್‌ಫೇಸ್ ಇದ್ದವರು ಇದಕ್ಕಾಗಿ ಹೊಸದು ಕೊಳ್ಳಲು ಹೊರಡುತ್ತಾರೆ. ಅದಕ್ಕೆ ಮುಂಚೆ ವಿಂಡೋಸ್ ಕಂಪ್ಯೂಟರಿನಲ್ಲಿ ಆ ಇಂಟರ್‌ಫೇಸ್ ಕಂಪನಿಯದೇ ಏಎಸ್‌ಐಓ ಡ್ರೈವರ್ ಹಾಕಿ. ಡ್ರೈವರ್ ಎಂದರೆ ಸಾಮಾನನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್, ಏಎಸ್‌ಐಓ ಅದರಲ್ಲಿ ವಿಳಂಬ ಕಡಿಮೆ ಇರುವ ಬಗೆ. ನಂತರ ಬಫರ್ ಇಳಿಸಿ. ಬಫರ್ ಎಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಸದ್ದಿನ ಕಂತು. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಯ ತುಣುಕುಗಳು, ಇರುವಾಗ 1,024ರ ಬಫರ್ ಸುಮಾರು 21 ಮಿಲಿಸೆಕೆಂಡ್ ತಿನ್ನುತ್ತದೆ, 128ರದ್ದು 3ಕ್ಕಿಂತ ಕಡಿಮೆ. ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ ಈ ಹೊತ್ತು ಸೇರುವುದರಿಂದ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದರೆ ಇನ್ನೂ ಸುಲಭ. ಅದನ್ನು ಒತ್ತಿದರೆ ನಿಮ್ಮ ಧ್ವನಿ ಕಂಪ್ಯೂಟರ್ ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ.

ಎರಡನೆಯದು, ರೆಕಾರ್ಡಿಂಗಿನಲ್ಲಿ ಕೋಣೆಯ ಪ್ರತಿಧ್ವನಿ ಸೇರುವುದು. ಇದು ಮೈಕಿನ ದೋಷವಲ್ಲ, ಕೋಣೆಯದು. ಟೈಲ್ಸ್ ನೆಲ, ಬರಿ ಗೋಡೆ, ಸ್ಲೈಡಿಂಗ್ ಕಿಟಕಿ ಇರುವ ಹಾಲ್ ಬಿಟ್ಟು ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಕೋಣೆಗೆ ಹೋಗಿ. ಕಪಾಟಿನ ಬಾಗಿಲು ತೆರೆದಿಟ್ಟು ಅದರ ಮುಂದೆ ಕೂತು ಅದೇ ಫೋನಿನಲ್ಲಿ ಮತ್ತೆ ರೆಕಾರ್ಡ್ ಮಾಡಿ ನೋಡಿ.

ಮೂರನೆಯದು, ಅಕೂಸ್ಟಿಕ್ ಗಿಟಾರನ್ನು ಸ್ಪೀಕರಿಗೆ ಜೋಡಿಸಲು ಆಗದಿರುವುದು. ಅದಕ್ಕಾಗಿ ಗಿಟಾರನ್ನೇ ಬದಲಿಸಬೇಕಿಲ್ಲ. ಸೌಂಡ್‌ಹೋಲ್ ಎಂಬ ದುಂಡು ಬಾಯಿಗೆ ಸಿಕ್ಕಿಸುವ ಪಿಕಪ್ ಸಿಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾಡುವ ಸಣ್ಣ ಸಾಧನ ಅದು, ಗಿಟಾರಿಗೆ ತೂತು ಕೊರೆಯದೆ ಕೂಡಿಸಬಹುದು.

2. ನಿಮ್ಮದು ಯಾವ ಗಿಟಾರ್?

ಮನೆಯಲ್ಲಿರುವುದು ಒಂದೇ ಗಿಟಾರ್, ನೀವು ಅದನ್ನು ನುಡಿಸುತ್ತಿದ್ದೀರಿ ಎಂದಾದರೆ ಮಾರಬೇಡಿ. ಇಂಟರ್‌ಫೇಸ್ ಬಂದ ಮೇಲೆ ಅದಕ್ಕೆ ಏನನ್ನು ಜೋಡಿಸುತ್ತೀರಿ? ಕೇಳಲು ತಮಾಷೆ ಅನ್ನಿಸಬಹುದು, ಆದರೆ ಈ ಪ್ರಶ್ನೆ ಹಾಕಿಕೊಳ್ಳದೆ ಮಾರುವವರೇ ಜಾಸ್ತಿ.

ಯಮಾಹಾ ಎಫ್310ರಂಥ, ಕಲಿಯುವವರು ಕೊಳ್ಳುವ ಗಿಟಾರ್ ಆದರೂ ಬೇಡ. ಅದರಿಂದ ಬರುವ ದುಡ್ಡಿನಲ್ಲಿ ಹೊಸ ಸಾಮಾನಿನ ಕಾಲು ಭಾಗವೂ ಬರದಿರಬಹುದು. ಒಯ್ಯಲು, ಪ್ರವಾಸಕ್ಕೆ, ಮನೆಗೆ ಬಂದ ಮಕ್ಕಳ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಒಂದೇ ಬಗೆಯ ಎರಡು ಗಿಟಾರ್ ಇವೆಯೇ? ಅದರಲ್ಲೊಂದನ್ನು ಮಾರಲು ಹಿಂದೆಮುಂದೆ ನೋಡಬೇಕಿಲ್ಲ, ನೇರವಾಗಿ ನಾಲ್ಕನೇ ಹಂತಕ್ಕೆ ಹೋಗಿ. ತೀರಿಕೊಂಡ ಅಣ್ಣನದೋ ಅಪ್ಪನದೋ ಗಿಟಾರ್ ಆದರೆ ಇಟ್ಟುಕೊಳ್ಳಿ, ಅದನ್ನು ಲೆಕ್ಕಕ್ಕೆ ತರಬೇಡಿ. ಮಗನೋ ಮಗಳೋ ಹತ್ತನೇ ಕ್ಲಾಸಿನ ಓದಿಗಾಗಿ ಬಿಟ್ಟ ಗಿಟಾರ್ ಆದರೆ ಅವರನ್ನೇ ಕೇಳಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳುವ ಮಕ್ಕಳೂ ಇರುತ್ತಾರೆ.

ಉಳಿದದ್ದು ಮಧ್ಯಮ ದರ್ಜೆಯ, ಒಳ್ಳೆಯ, ಆದರೆ ಈಚೆಗೆ ಹೆಚ್ಚು ನುಡಿಸದ ಗಿಟಾರ್. ನಿಜವಾದ ಗೊಂದಲ ಇರುವುದು ಇದರಲ್ಲೇ. ಮುಂದಿನ ಹಂತಗಳು ಮುಖ್ಯವಾಗಿ ಇಂಥ ಗಿಟಾರ್ ಇರುವವರಿಗೆ.

3. ಒಂದು ತಿಂಗಳು ಕಣ್ಣಿಗೆ ಬೀಳದ ಹಾಗೆ ಇಡಿ

ಗಿಟಾರನ್ನು ಕೇಸಿನೊಳಗೆ ಹಾಕಿ ಬೇರೆ ಕೋಣೆಯಲ್ಲೋ ಗೆಳೆಯರ ಮನೆಯಲ್ಲೋ ಇಡಿ. ತಿಂಗಳೊಳಗೆ ಎಷ್ಟು ಸಲ ಅದರ ನೆನಪಾಯಿತು, ಏನು ನುಡಿಸಬೇಕು ಅನ್ನಿಸಿತು ಎಂದು ಅದೇ ಕಾಗದದಲ್ಲಿ ಬರೆಯಿರಿ. ಇನ್ನೊಂದು ಗಿಟಾರಿನಲ್ಲಿ ಬರದ ಸದ್ದಿಗಾಗಿ ಇದು ಬೇಕು ಅನ್ನಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ನೆನಪೇ ಆಗಲಿಲ್ಲವಾದರೆ ಉತ್ತರ ಸಿಕ್ಕಿತು ಅಲ್ವಾ?

ಇಲ್ಲಿ ಮಳೆಗಾಲದ ಎಚ್ಚರಿಕೆ ಹೇಳಲೇಬೇಕು. ಮರದ ಗಿಟಾರಿಗೆ ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 80 ದಾಟುವುದು ಮಾಮೂಲು. ಮರ ತೇವ ಹೀರಿ ಉಬ್ಬುತ್ತದೆ, ಅಕೂಸ್ಟಿಕ್ ಗಿಟಾರಿನ ಮೇಲ್ಹಲಗೆ ಎದ್ದು ನಿಲ್ಲುತ್ತದೆ, ತಂತಿಗಳು ಮೇಲೇರುತ್ತವೆ. ಬಾತ್‌ರೂಮ್ ಗೋಡೆಗೆ ತಾಗಿದ ಕಪಾಟಿನಲ್ಲೋ ಅಟ್ಟದ ಮೇಲೋ ಇಟ್ಟರೆ ತಿಂಗಳೊಳಗೆ ತಂತಿಗೆ ತುಕ್ಕು, ಕೇಸಿಗೆ ಬೂಸ್ಟು. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವ ತೋರಿಸುವ ಹೈಗ್ರೋಮೀಟರ್ ಎಂಬ ಪುಟ್ಟ ಮೀಟರನ್ನೂ ಒಳಗೆ ಇಡಿ, ದೊಡ್ಡ ಖರ್ಚೇನಲ್ಲ.

ಅದೇ ಕಾರಣಕ್ಕೆ ಜುಲೈ ತಿಂಗಳಲ್ಲಿ ಅಕೂಸ್ಟಿಕ್ ಗಿಟಾರ್ ಮಾರಲು ಹೋಗಬೇಡಿ. ಬಂದವನು ತಂತಿ ಎತ್ತರ ನೋಡಿ ನೆಕ್ ಹಾಳಾಗಿದೆ ಎಂದು ಬೆಲೆ ಇಳಿಸುತ್ತಾನೆ. ಅಕ್ಟೋಬರ್ ದಾಟಲಿ. ಡಿಸೆಂಬರಿನಲ್ಲಿ ಕಾಲೇಜು ಉತ್ಸವಗಳೂ ಕ್ರಿಸ್ಮಸ್ಸೂ ಒಟ್ಟಿಗೆ ಬರುತ್ತವೆ, ಗಿಟಾರ್ ಹುಡುಕುವವರೂ ಇರುತ್ತಾರೆ.

4. ಮೂರು ಬೆಲೆ ಬರೆದು ಲೆಕ್ಕ ಹಾಕಿ

ಕಾಗದದಲ್ಲಿ ಮೂರು ಸಾಲು ಬರೆಯಿರಿ. ಅದೇ ಮಾಡೆಲಿನ ಹೊಸ ಗಿಟಾರಿನ ಇವತ್ತಿನ ಬೆಲೆ. ಸೆಕೆಂಡ್ ಹ್ಯಾಂಡಿನಲ್ಲಿ ಬಿಡಿ ಗಿರಾಕಿ ಕೊಡಬಹುದಾದ ಬೆಲೆ. ಅಂಗಡಿಯವರು ಕೊಳ್ಳುವುದಾದರೆ ಹೇಳುವ ಬೆಲೆ. ನೀವು ಅಂದು ಎಷ್ಟು ಕೊಟ್ಟಿರಿ ಎಂಬುದು ಈ ಪಟ್ಟಿಯಲ್ಲಿ ಬೇಡ. ಆ ದುಡ್ಡು ಹೋಯಿತು.

ಎರಡನೇ ಸಾಲಿಗೆ ಓಎಲ್‌ಎಕ್ಸ್‌ನಲ್ಲಿ ಕಾಣುವ ಬೆಲೆಯನ್ನೇ ಬರೆದುಕೊಳ್ಳಬೇಡಿ. ಅದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ತಿಂಗಳುಗಟ್ಟಲೆ ಅಲ್ಲೇ ಕೂತಿರುವ ಜಾಹೀರಾತು ಕಂಡರೆ ಆ ಬೆಲೆಗೆ ಯಾರೂ ಕೊಳ್ಳುತ್ತಿಲ್ಲ ಎಂದೇ ಅರ್ಥ. ಎರಡು ವಾರ ಗಮನಿಸಿ, ಬೇಗ ಮಾಯವಾದವುಗಳ ಬೆಲೆ ಗುರುತು ಹಾಕಿಕೊಳ್ಳಿ.

ಈಗ ಒಂದು ಲೆಕ್ಕ. ಅಂಕಿಗಳನ್ನು ಉದಾಹರಣೆಗೆಂದು ಇಟ್ಟಿದ್ದೇನೆ, ನಿಮ್ಮವನ್ನು ನೀವು ಹಾಕಿಕೊಳ್ಳಿ. ಗಿಟಾರ್ ಹೊಸದಕ್ಕೆ ಇವತ್ತು 46,000 ರೂಪಾಯಿ. ಬಿಡಿ ಗಿರಾಕಿ 27,000 ಕೊಡುತ್ತಾನೆ. ಮಾರುವ ಮುನ್ನ ಸೆಟಪ್‌ಗೆ, ಅಂದರೆ ತಂತಿಯ ಎತ್ತರ, ಸ್ವರ ಸರಿಮಾಡಿಸಲು 1,500, ಹೊಸ ತಂತಿಗೆ 800. ಕೈಗೆ ಉಳಿದದ್ದು 24,700.

ಕೊಳ್ಳಬೇಕಾದದ್ದು ಇಂಟರ್‌ಫೇಸ್ 14,000, ಮೈಕ್ 9,000. ಒಟ್ಟು 23,000, ಸರಿಹೋಯಿತು ಅನ್ನಿಸುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವುದು ಇಲ್ಲಿಂದಲೇ. ಮೈಕಿಗೆ ಎಕ್ಸ್‌ಎಲ್‌ಆರ್ ಕೇಬಲ್ ಬೇಕು, ಮೂರು ಕಡ್ಡಿಯ ದಪ್ಪ ತುದಿ ಇರುವುದು. ಅದಕ್ಕೆ 1,000. ಸ್ಟ್ಯಾಂಡಿಗೆ 1,500. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ 4,000. ಈ ಹೆಡ್‌ಫೋನ್ ಇಲ್ಲದಿದ್ದರೆ ಹಾಡುವಾಗ ಹಿನ್ನೆಲೆ ಸಂಗೀತ ಮೈಕಿಗೆ ಸೋರುತ್ತದೆ. ಈಗ ಮೊತ್ತ 29,500. ಅಂದರೆ ಗಿಟಾರ್ ಮಾರಿಯೂ 4,800 ರೂಪಾಯಿ ಕೈಯಿಂದ ಹಾಕಬೇಕು.

ಮುಂದಿನ ವರ್ಷ ಅದೇ ಗಿಟಾರ್ ಹೊಸದಾಗಿ ಬೇಕು ಅನ್ನಿಸಿದರೆ 46,000 ಬೇಕು. ಕೈಗೆ ಬಂದಿದ್ದ 24,700 ಕಳೆದರೆ ಮನಸ್ಸು ಬದಲಾಯಿಸಿದ ದಂಡ 21,300. ಸೆಕೆಂಡ್ ಹ್ಯಾಂಡ್ ಸಿಕ್ಕರೆ ದಂಡ ಕಡಿಮೆ, ಆದರೆ ಬೇಕಾದ ಹೊತ್ತಿಗೆ ಬೇಕಾದ ಮಾಡೆಲ್ ಸಿಗುತ್ತದೆ ಎಂಬ ಭರವಸೆ ಇಲ್ಲ. ಈ 21,300ರ ಕೆಳಗೆ ಗೆರೆ ಎಳೆಯಿರಿ. ಅದನ್ನು ನೋಡಿದಾಗಲೂ ಮಾರಬೇಕು ಅನ್ನಿಸಿದರೆ ಮಾರಿ.

ಇನ್ನೊಂದು ವಿಷಯ. ಚೆನ್ನಾಗಿ ನೋಡಿಕೊಂಡ ಗಿಟಾರ್ ಹತ್ತು ವರ್ಷದ ನಂತರವೂ ಗಿಟಾರೇ. ಕಂಪ್ಯೂಟರಿಗೆ ಜೋಡಿಸುವ ಸಾಮಾನು ಹಾಗಲ್ಲ. ಒಂದು ಕಾಲಕ್ಕೆ ದುಬಾರಿಯಾಗಿದ್ದ, ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ಲಿನ ಇಂಟರ್‌ಫೇಸ್‌ಗಳನ್ನು ಇವತ್ತು ಜೋಡಿಸೋಣವೆಂದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತೇ ಇಲ್ಲ. ಸಾಮಾನಿಗೇನೂ ಆಗಿರದಿದ್ದರೂ ಡ್ರೈವರ್ ನಿಂತರೆ ಅದು ಪೇಪರ್‌ವೇಟ್. ಹಾಗಾಗಿ ಇಂಟರ್‌ಫೇಸನ್ನು ಖರ್ಚು ಎಂದೇ ಲೆಕ್ಕಕ್ಕೆ ಹಿಡಿಯಿರಿ, ಮುಂದೆ ಮಾರಬಹುದು ಎಂಬ ಸಮಾಧಾನ ಬೇಡ.

5. ಹೊಸ ಸಾಮಾನನ್ನು ಮೊದಲು ಬಳಸಿ ನೋಡಿ

ಬಾಡಿಗೆಗೆ, ಎರವಲು, ಅಂಗಡಿಯಲ್ಲಿ, ಹೇಗಾದರೂ ಸರಿ. ಧೋಬಿ ತಲಾವ್‌ನ ಜೇರ್ ಮಹಲ್ ಕಟ್ಟಡದ ಹತ್ತಿರ ಇರುವ, 1865ರಲ್ಲಿ ಶುರುವಾದ ಫುರ್ಟಾಡೋಸ್ ಎಂಬ ವಾದ್ಯಗಳ ಅಂಗಡಿಗೆ ಮರೀನ್ ಲೈನ್ಸ್‌ನಿಂದಲೂ ಸಿಎಸ್‌ಎಂಟಿಯಿಂದಲೂ ನಡೆದೇ ಹೋಗಬಹುದು. ವಾರದ ನಡುವೆ ಮಧ್ಯಾಹ್ನ ಹೋದರೆ ನಿಧಾನವಾಗಿ ಕೇಳಿ ನೋಡಲು ಅನುಕೂಲ. ಜ್ಯಾಮ್ ಪ್ಯಾಡ್‌ಗಳಲ್ಲಿ, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆಗಳಲ್ಲಿ, ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್, ಮೈಕ್, ಹಲವು ಸದ್ದು ಬೆರೆಸುವ ಮಿಕ್ಸರ್ ಎಲ್ಲ ಇರುತ್ತವೆ. ನಿಮ್ಮ ಕಡೆಯ ಕನ್ನಡ ಸಂಘದಲ್ಲಿ ಸೌಂಡ್ ಸೆಟ್ ಇದ್ದರೆ ಅದನ್ನು ನೋಡಿಕೊಳ್ಳುವವರನ್ನು ಪರಿಚಯ ಮಾಡಿಕೊಳ್ಳಿ. ಯಾವ ಮೈಕ್ ನಾಲ್ಕು ಮಳೆಗಾಲ ತಡೆಯಿತು ಎಂಬುದು ಅವರಿಗೆ ಗೊತ್ತಿರುತ್ತದೆ, ಜಾಹೀರಾತಿಗೆ ಗೊತ್ತಿರುವುದಿಲ್ಲ.

ಮೈಕ್ ಆರಿಸುವಾಗ ಹೆಚ್ಚಿನವರು ಕಂಡೆನ್ಸರ್ ಕಡೆ ಹೋಗುತ್ತಾರೆ. ಅದು ಸೂಕ್ಷ್ಮ ಸದ್ದನ್ನೂ ಹಿಡಿಯುವ ಮೈಕ್, ಕೆಲಸ ಮಾಡಲು ಇಂಟರ್‌ಫೇಸಿನಿಂದ 48 ವೋಲ್ಟ್ ಬೇಕು. ಈ ವೋಲ್ಟೇಜಿಗೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಸ್ಟುಡಿಯೋದಲ್ಲಿ ಅದು ಸೊಗಸು. ಆದರೆ ಹಳಿಯ ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಅದು ಲೋಕಲ್ ರೈಲಿನ ಹಾರ್ನ್, ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೇಲಿನ ಮನೆಯ ಕುರ್ಚಿ ಎಳೆದ ಸದ್ದು ಎಲ್ಲವನ್ನೂ ಹಿಡಿಯುತ್ತದೆ. ಮುಂಬೈಯ ಸಾಮಾನ್ಯ ಫ್ಲ್ಯಾಟಿಗೆ ಡೈನಾಮಿಕ್ ಮೈಕೇ ಸರಿ ಎಂಬುದು ನನ್ನ ಮಾತು. 1960ರ ದಶಕದಿಂದ ಇಂದಿಗೂ ತಯಾರಾಗುತ್ತಿರುವ ಶೂರ್ ಎಸ್‌ಎಂ57, ಎಸ್‌ಎಂ58 ಈ ಜಾತಿಯವು. ಬಾಯಿಗೆ ಹತ್ತಿರ ಹಿಡಿದು ಹಾಡಬೇಕು, 48 ವೋಲ್ಟ್ ಬೇಡ, ಕೈ ಜಾರಿ ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಎಸ್‌ಎಂ58ರ ನಕಲಿಗಳು ಬಹಳ ಇವೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಇಂಟರ್‌ಫೇಸಿನಲ್ಲಿ ಎಡವುವುದು ತೂತುಗಳ ಲೆಕ್ಕದಲ್ಲಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಮೈಕಿಗೆ ಒಂದೇ ಜಾಗ, ಇನ್ನೊಂದು ಗಿಟಾರ್ ಕೇಬಲ್ಲಿಗೆ. ಪಿಕಪ್ ಇಲ್ಲದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಾ ಒಟ್ಟಿಗೇ ಹಾಡುವವರಿಗೆ ಎರಡು ಮೈಕ್ ಜಾಗ ಬೇಕು, ಅಂದರೆ ಅದೇ ಸಾಲಿನ 2ಐ2ರಂಥದ್ದು. ಕೊಂಡ ಮೇಲೆ ಇದು ತಿಳಿದರೆ ಗಿಟಾರೂ ಇಲ್ಲ, ಕೆಲಸವೂ ಆಗಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಜೋಡಿಸುವಾಗ ಇನ್ಸ್ಟ್ (ಇನ್‌ಸ್ಟ್ರುಮೆಂಟ್, ಅಂದರೆ ವಾದ್ಯ) ಎಂಬ ಗುಂಡಿ ಒತ್ತಿದೆಯೇ ನೋಡಿ. ಕೀಬೋರ್ಡಿನಂಥವಕ್ಕೆ ಇರುವ ಲೈನ್ ಮೇಲಿದ್ದರೆ ಸದ್ದು ಸಪ್ಪೆಯಾಗಿ ಬರುತ್ತದೆ, ಸಾಮಾನೇ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಸ್ಟುಡಿಯೋ ಸ್ಪೀಕರ್‌ಗಳ ಆಸೆ ಸದ್ಯಕ್ಕೆ ಬಿಡಿ. ಹತ್ತಡಿ ಕೋಣೆಯ ಮೂಲೆಯಲ್ಲಿ ಇಟ್ಟರೆ ಮಂದ್ರದ ಸದ್ದು ಗುಂಯ್ ಎನ್ನುತ್ತದೆ, ಸರಿಯಾದ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಆಫೀಸಿನಿಂದ ಬಂದು ಊಟ ಮುಗಿಸಿ ನೀವು ಕೂರುವ ಹೊತ್ತು ಅದೇ. ಒಳ್ಳೆ ಹೆಡ್‌ಫೋನ್ ಸಾಕು.

ಕೀಬೋರ್ಡ್ ಬೇಕೆನ್ನುವವರಿಗೆ ಒಂದೇ ಎಚ್ಚರಿಕೆ. ಮಿಡಿ ಕೀಬೋರ್ಡ್ ಅಗ್ಗ ಎಂದು ಕೊಂಡು ಗಣೇಶೋತ್ಸವದ ಮಂಟಪಕ್ಕೆ ಒಯ್ಯಬೇಡಿ. ಅದಕ್ಕೆ ತನ್ನದೇ ಸದ್ದಿಲ್ಲ, ಜೊತೆಗೆ ಕಂಪ್ಯೂಟರಿನಂಥ, ಸದ್ದು ಹೊರಡಿಸುವ ಇನ್ನೊಂದು ಸಾಧನ ಇದ್ದರೆ ಮಾತ್ರ ನುಡಿಯುತ್ತದೆ.

ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಈಗಲೇ ದುಡ್ಡು ಹಾಕಬೇಕಿಲ್ಲ. ಮ್ಯಾಕ್, ಐಫೋನ್‌ಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ. ರೀಪರ್ ಎಂಬ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಲು ಬಿಡುತ್ತಾರೆ.

6. ಮಾರಾಟಕ್ಕೆ ತಯಾರಿ

ಇಲ್ಲಿಯವರೆಗೆ ಬಂದೂ ಮಾರುವ ಮನಸ್ಸೇ ಉಳಿದಿದ್ದರೆ ಕೆಲಸ ಶುರು ಮಾಡಿ.

ತಂತಿ ಬದಲಿಸಿ. ಹೊಸ ತಂತಿಯ ಗಿಟಾರ್ ಬೇರೆಯೇ ಸಾಮಾನಿನ ಹಾಗೆ ಕೇಳುತ್ತದೆ. ತಂತಿ ತೆಗೆದಾಗ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ, ಬೆರಳೊತ್ತುವ ಹಲಗೆ ಒರೆಸಿ. ಅದು ಬೀಟೆ ಮರದ್ದಾದರೆ ಗಿಟಾರಿಗೆಂದೇ ಸಿಗುವ ಲೆಮನ್ ಆಯಿಲ್ ಎರಡು ಹನಿ ಸಾಕು. ವಾರ್ನಿಷ್ ಹಾಕಿದ ತಿಳಿ ಬಣ್ಣದ ಮೇಪಲ್ ಆದರೆ ಒಣ ಬಟ್ಟೆ ಮಾತ್ರ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚಬೇಡಿ, ಧೂಳು ಅಂಟಿ ಜಿಡ್ಡಾಗುತ್ತದೆ.

ಆ್ಯಕ್ಷನ್ ಅಳೆಯಿರಿ. ಆ್ಯಕ್ಷನ್ ಎಂದರೆ ಫ್ರೆಟ್ಟಿನ ಮೇಲಿಂದ ತಂತಿಗೆ ಇರುವ ಎತ್ತರ. ಹನ್ನೆರಡನೇ ಫ್ರೆಟ್ಟಿನ ಬಳಿ ದಪ್ಪ ತಂತಿಗೆ ಅಕೂಸ್ಟಿಕ್‌ನಲ್ಲಿ ಎರಡೂವರೆ ಮಿಲಿಮೀಟರ್, ಎಲೆಕ್ಟ್ರಿಕ್‌ನಲ್ಲಿ ಎರಡು ಮಿಲಿಮೀಟರ್ ಆಸುಪಾಸು ಇದ್ದರೆ ನುಡಿಸಲು ಹಿತ. ನಂತರ ಟ್ಯೂನರ್ ಇಟ್ಟುಕೊಂಡು ತೆರೆದ ತಂತಿ ಮೀಟಿ, ಅದೇ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರ, ಒಂದು ಸಪ್ತಕದ ಅಂತರದಲ್ಲಿ ಬರಬೇಕು. ಬರದಿದ್ದರೆ ಇಂಟೊನೇಷನ್ ತಪ್ಪಿದೆ ಎನ್ನುತ್ತಾರೆ. ರಿಪೇರಿಯವರ ಹತ್ತಿರ ಸೆಟಪ್ ಮಾಡಿಸಿ. ನೆಕ್ಕಿನ ಒಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ವಿಡಿಯೋ ನೋಡಿ ನೀವೇ ತಿರುಗಿಸಬೇಡಿ, ಮಾರುವ ಹೊತ್ತಲ್ಲಂತೂ ಬೇಡವೇ ಬೇಡ.

ಪಿಕಪ್ ಬದಲಿಸಿದ್ದರೆ ಮೂಲದ್ದನ್ನೇ ಮತ್ತೆ ಹಾಕಿಸಿ, ದುಬಾರಿಯದನ್ನು ಬೇರೆಯಾಗಿ ಮಾರಿ. ಎರಡನ್ನೂ ಸೇರಿಸಿ ಕೊಟ್ಟರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಸೀರಿಯಲ್ ನಂಬರ್ ನೋಡಿ ಯಾವ ದೇಶದ್ದು ಎಂದು ಖಚಿತ ಮಾಡಿಕೊಳ್ಳಿ. ಫೆಂಡರ್‌ನಲ್ಲಿ 2010ರ ನಂತರದವು ಸಾಮಾನ್ಯವಾಗಿ ಯುಎಸ್ ಎಂದು ಶುರುವಾದರೆ ಅಮೆರಿಕದ್ದು, ಎಂಎಕ್ಸ್ ಎಂದಾದರೆ ಮೆಕ್ಸಿಕೋದ್ದು. ನೋಡಲು ಒಂದೇ ಥರ, ಬೆಲೆಯಲ್ಲಿ ಬಹಳ ವ್ಯತ್ಯಾಸ. ಸ್ಕ್ವೈಯರ್ ಫೆಂಡರ್‌ನದೇ ಕಡಿಮೆ ಬೆಲೆಯ ಬ್ರ್ಯಾಂಡ್, ಎಪಿಫೋನ್ ಗಿಬ್ಸನ್‌ನದು. ಬಿಲ್ ಇಲ್ಲದೆ ಕೈಗೆ ಬಂದ ಗಿಬ್ಸನ್ ಇದ್ದರೆ ಅಸಲಿ ಎಂದು ಬರೆಯುವ ಮುನ್ನ ತಿಳಿದವರಿಗೆ ತೋರಿಸಿ.

ಫೋಟೋದಲ್ಲಿ ಗೀರು, ಚುಕ್ಕಿ, ಸವೆದ ಫ್ರೆಟ್ ಎಲ್ಲವನ್ನೂ ತೋರಿಸಿ. ಮುಚ್ಚಿಟ್ಟದ್ದು ಎದುರಿಗೆ ಕಂಡರೆ ಗಿರಾಕಿ ಗೀರಿನ ಬೆಲೆಗಿಂತ ಜಾಸ್ತಿಯೇ ಇಳಿಸುತ್ತಾನೆ.

7. ಯಾರಿಗೆ, ಎಲ್ಲಿ, ಹೇಗೆ

ಮೊದಲು ಪರಿಚಯದವರಿಗೆ ಹೇಳಿ. ಗಿಟಾರ್ ಕಲಿಸುವ ಮೇಷ್ಟ್ರುಗಳ ಬಳಿ ಸದಾ ಒಬ್ಬಿಬ್ಬರು ಶಿಷ್ಯರು ಸೆಕೆಂಡ್ ಹ್ಯಾಂಡ್ ಹುಡುಕುತ್ತಿರುತ್ತಾರೆ. ಅಂಗಡಿಗೆ ಕೊಟ್ಟರೆ ತಲೆನೋವಿಲ್ಲ, ಆದರೆ ಅವರಿಗೂ ಲಾಭ ಬೇಕು, ಬೆಲೆ ತಗ್ಗುತ್ತದೆ. ಓಎಲ್‌ಎಕ್ಸ್, ಫೇಸ್‌ಬುಕ್ ಗುಂಪುಗಳಲ್ಲಿ ಬೆಲೆ ಹೆಚ್ಚು ಬರಬಹುದು, ತಾಳ್ಮೆಯೂ ಹೆಚ್ಚು ಬೇಕು. "ಲಾಸ್ಟ್ ಕಿತನಾ?" ಎಂಬ ಒಂದೇ ಸಾಲಿನ ಮೆಸೇಜುಗಳು ಸಾಲುಗಟ್ಟಿ ಬರುತ್ತವೆ. ಫ್ರೆಟ್ಟಿನ ಬಗ್ಗೆ, ಬಿಲ್ಲಿನ ಬಗ್ಗೆ, ಎಷ್ಟು ವರ್ಷ ಆಯಿತೆಂದು ಕೇಳುವವರಿಗೆ ಮೊದಲು ಉತ್ತರ ಕೊಡಿ, ನಿಜವಾಗಿ ಕೊಳ್ಳುವವರು ಅವರೇ. ಚೌಕಾಶಿಗೆ ಸ್ವಲ್ಪ ಜಾಗ ಇಟ್ಟೇ ಬೆಲೆ ಹಾಕಿ, ಆದರೆ ಇದಕ್ಕಿಂತ ಕೆಳಗೆ ಇಲ್ಲ ಎಂಬ ಮೊತ್ತವನ್ನು ನಾಲ್ಕನೇ ಹಂತದ ಕಾಗದದಲ್ಲೇ ಬರೆದಿಟ್ಟುಕೊಳ್ಳಿ. ಎದುರಿಗೆ ಗಿರಾಕಿ ನಿಂತಾಗ ಲೆಕ್ಕ ತಪ್ಪುತ್ತದೆ.

ಮೋಸದ ವಿಷಯ ಗಮನವಿಟ್ಟು ಓದಿ. ಗಿಟಾರ್ ನೋಡದೆಯೇ ಪೂರ್ತಿ ಬೆಲೆಗೆ ಒಪ್ಪಿ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಈಗಲೇ ಹಣ ಕಳಿಸುತ್ತೇನೆ ಎನ್ನುವವನು ಮೋಸಗಾರನೇ. ಅವನು ಒಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಹಣ ಹಾಕಿದ್ದೇನೆ ಎಂದು ತೋರಿಸುವ ಸ್ಕ್ರೀನ್‌ಶಾಟನ್ನೂ ಎಸ್ಎಂಎಸ್ಸನ್ನೂ ನಂಬಬೇಡಿ, ಎರಡೂ ನಕಲಿ ಮಾಡಬಹುದು. ನಿಮ್ಮ ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೆ ಗಿಟಾರ್ ಕೈಬಿಡಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಭೇಟಿಗೆ ಜ್ಯಾಮ್ ಪ್ಯಾಡ್ ಒಳ್ಳೆಯ ಜಾಗ. ಒಂದು ಗಂಟೆಯ ಬಾಡಿಗೆ ಕೊಟ್ಟರೆ ಗಿರಾಕಿ ಆಂಪ್‌ಗೆ ಹಾಕಿ ನುಡಿಸಿ ನೋಡುತ್ತಾನೆ, ನಾಲ್ಕು ಜನ ಸುತ್ತಮುತ್ತ ಇರುತ್ತಾರೆ, ನಿಮ್ಮ ಮನೆ ವಿಳಾಸವೂ ಗೊತ್ತಾಗುವುದಿಲ್ಲ. ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಹನ್ನೆರಡರಿಂದ ನಾಲ್ಕರ ನಡುವೆ ಹೊರಡಿ. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಗಾಡಿಯ ಡಬ್ಬಾದಲ್ಲಿ ಬರಿ ಬಟ್ಟೆಯ ಬ್ಯಾಗಿನ ಗಿಟಾರ್ ಉಳಿಯುವುದಿಲ್ಲ. ತಲೆ ಹಿಂದಕ್ಕೆ ಬಾಗಿರುವ ಗಿಟಾರ್‌ಗಳು ಒಂದೇ ಒಂದು ಪೆಟ್ಟಿಗೆ ನೆಕ್ ತುದಿಯಲ್ಲಿ ಮುರಿಯುತ್ತವೆ. ಕೊರಿಯರ್‌ನಲ್ಲಿ ಕಳಿಸುವುದು ನನಗೆ ಇಷ್ಟವಿಲ್ಲ. ಕಳಿಸಲೇಬೇಕಾದರೆ ಹಾರ್ಡ್ ಕೇಸಿನೊಳಗೆ ತಲೆಯ ಕೆಳಗೆ, ಮೇಲೆ, ಅಕ್ಕಪಕ್ಕ ಎಲ್ಲೂ ಅಲುಗದಂತೆ ಬಟ್ಟೆ ತುಂಬಿ, ತಂತಿ ಸ್ವಲ್ಪ ಸಡಿಲಿಸಿ.

ಹಣ ಬಂದ ಮೇಲೆ ಒಂದು ಕಾಗದದಲ್ಲಿ ಮಾಡೆಲ್, ಸೀರಿಯಲ್ ನಂಬರ್, ತಾರೀಕು, ಮೊತ್ತ ಬರೆದು, "ಇದ್ದ ಸ್ಥಿತಿಯಲ್ಲಿ ನೋಡಿ ಕೊಂಡಿದ್ದಾರೆ" ಎಂದು ಸೇರಿಸಿ ಇಬ್ಬರೂ ಸಹಿ ಹಾಕಿ. ಬಿಲ್ಲಿನ ಪ್ರತಿ ಕೊಡಿ, ಅದರಲ್ಲಿರುವ ನಿಮ್ಮ ವಿಳಾಸ ಮತ್ತು ಫೋನ್ ನಂಬರಿನ ಮೇಲೆ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿ. ಆಧಾರ್ ಪ್ರತಿ ಕೊಡುವ ಅಗತ್ಯ ಯಾರಿಗೂ ಇಲ್ಲ. ಮುಂದೆ ಎಂದಾದರೂ ಮಾರುವುದಾದರೆ ಮೊದಲು ನನಗೆ ತಿಳಿಸಿ ಎಂದು ಹೇಳಿ ಅವರ ನಂಬರ್ ಇಟ್ಟುಕೊಳ್ಳಿ. ಅದಕ್ಕೆ ಖರ್ಚೇನೂ ಇಲ್ಲ.

8. ದುಡ್ಡು ಕೈಗೆ ಬಂದ ಮೇಲೆ

ಅದೇ ವಾರ ಕೊಳ್ಳಿ. ತಿಂಗಳು ಕಳೆದರೆ ಆ ಹಣ ಸ್ಕೂಲ್ ಫೀಸಿಗೂ ಊರಿಗೆ ಹೋಗುವ ಟಿಕೆಟಿಗೂ ಸೇರಿಹೋಗುತ್ತದೆ. ಕೇಬಲ್, ಕನೆಕ್ಟರ್‌ಗಳಿಗೆ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಆದರೆ ತೀರ ಅಗ್ಗದ ಕೇಬಲ್ ಬೇಡ, ಎರಡನೇ ತಿಂಗಳಿಗೆ ಕರಕರ ಶುರುವಾಗುತ್ತದೆ.

ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ. ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಕಂಪನಿ ಇನ್ನೂ ಡ್ರೈವರ್ ಕೊಡುತ್ತಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಪ್ರತಿಯೊಂದು ಜಾಗಕ್ಕೂ ಮೈಕ್ ಹಾಕಿ ರೆಕಾರ್ಡ್ ಮಾಡಿ, ಗುಂಡಿಗಳನ್ನೆಲ್ಲ ತಿರುಗಿಸಿ ಕರಕರ ಬರುತ್ತದೆಯೇ ಕೇಳಿ. 48 ವೋಲ್ಟ್ ಪರೀಕ್ಷೆಗೆ ಒಂದು ಕಂಡೆನ್ಸರ್ ಮೈಕ್ ಬೇಕು, ಯಾರಿಂದಾದರೂ ಎರವಲು ತನ್ನಿ. ಮಾರುವವರು ಅದನ್ನು ತಮ್ಮ ಹೆಸರಲ್ಲಿ ರಿಜಿಸ್ಟರ್ ಮಾಡಿದ್ದರೆ ಅಲ್ಲೇ ನಿಮ್ಮ ಎದುರಿಗೇ ಅವರ ಖಾತೆಯಿಂದ ತೆಗೆಸಿ. ಇಲ್ಲದಿದ್ದರೆ ಜೊತೆಗೆ ಬರಬೇಕಾದ ಸಾಫ್ಟ್‌ವೇರ್ ನಿಮಗೆ ತೆರೆದುಕೊಳ್ಳದೆ ಇರಬಹುದು.